ಎಂಟು ದಿನ ಮೊದಲು ಹೇಳಬೇಕು

ಇಪ್ಪತ್ತಾರು ವರ್ಷಗಳಲ್ಲಿ ಅವಳು ಹನ್ನೊಂದು ಊರು ಕಂಡಿದ್ದಳು. ಕಂಡಿದ್ದಳು ಎಂದರೆ, ಹನ್ನೊಂದು ಊರುಗಳ ಅಡುಗೆಮನೆ ಕಂಡಿದ್ದಳು. ಯಾವ ಊರಿನ ನೀರು ಪಾತ್ರೆಯ ತಳದಲ್ಲಿ ಬಿಳಿ ಕಲೆ ಬಿಡುತ್ತದೆ, ಎಲ್ಲಿ ಹಾಲು ಐದು ಗಂಟೆಗೇ ಬರುತ್ತದೆ, ಯಾರ ಮನೆಯ ಗ್ಯಾಸ್ ಒಲೆಯ ಎಡಗಡೆಯ ತಿರುಪು ಉಲ್ಟಾ ತಿರುಗುತ್ತದೆ ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದಳು. ಸಮುದ್ರದ ಊರಿನಲ್ಲಿ ತಂಗಿಯ ಬಾಣಂತನಕ್ಕೆಂದು ಮೂರು ತಿಂಗಳು ಇದ್ದವಳು ಸಮುದ್ರ ನೋಡಿರಲಿಲ್ಲ. ಅದು ಅಲ್ಲೆಲ್ಲೋ ಹತ್ತಿರದಲ್ಲೇ ಇದೆ ಎಂಬುದು ಹಗ್ಗದ ಮೇಲಿನ ಮಗುವಿನ ಬಟ್ಟೆ ಒಣಗಿದ ಮೇಲೂ ಅಂಟಂಟಾಗಿರುವುದರಿಂದ ಗೊತ್ತಾಗುತ್ತಿತ್ತು.

"ನಮ್ಮ ಪೈಕಿ ನಿನ್ನಷ್ಟು ಊರು ಸುತ್ತಿದವರು ಯಾರೂ ಇಲ್ಲ ಬಿಡು" ಎಂದು ಅವಳ ಚಿಕ್ಕಮ್ಮ ಆಗಾಗ ಹೊಗಳುತ್ತಿದ್ದರು.

"ಸೌಟೂ ಎಲ್ಲಾ ಪಾತ್ರೆಗೆ ಹೋಗಿ ಬರುತ್ತೆ ಚಿಕ್ಕಮ್ಮ" ಎನ್ನುತ್ತಿದ್ದಳು ಅವಳು.

ಐದು ಜನ ಒಡಹುಟ್ಟಿದವರಲ್ಲಿ ಅವಳೇ ದೊಡ್ಡವಳು. ಮದುವೆಯ ಮಾತು ಬಂದಾಗ ಮೊದಲು ತಂಗಿಯರದ್ದಾಗಲಿ ಎಂದರು. ಆಮೇಲೆ ತಮ್ಮಂದಿರದ್ದಾಗಲಿ ಎಂದರು. ಅದಾದ ಮೇಲೆ ಯಾರೂ ಏನೂ ಅನ್ನಲಿಲ್ಲ. ತಮ್ಮ ತಂಗಿಯರಿಗೆ ಅವಳು ಅಕ್ಕ. ಅವರ ಗಂಡಂದಿರಿಗೆ, ಹೆಂಡಿರಿಗೆ ಅಕ್ಕ. ಅವರ ಮಕ್ಕಳೂ ಅಪ್ಪ ಅಮ್ಮನ ಬಾಯಿಂದ ಕೇಳಿ ಕಲಿತು ಅಕ್ಕ ಎಂದೇ ಕರೆದವು. ದೊಡ್ಡಮ್ಮ, ಅತ್ತೆ ಎಂಬ ಬಡ್ತಿ ಅವಳಿಗೆ ಸಿಗಲೇ ಇಲ್ಲ. ಯಾರ ಮನೆಯಲ್ಲಿ ಹೆರಿಗೆಯಾಗಲಿ, ಆಪರೇಷನ್ ಆಗಲಿ, ವಯಸ್ಸಾದವರು ಹಾಸಿಗೆ ಹಿಡಿಯಲಿ, ಫೋನು ಅವಳಿಗೆ ಬರುತ್ತಿತ್ತು. ಒಂಟಿ ಹೆಂಗಸು, ಅವಳಿಗೇನು ಕೆಲಸ ಎಂಬುದು ಎಲ್ಲರ ತೀರ್ಮಾನ.

ಅವಳಿಗೆ ಕೆಲಸವಿತ್ತು. ತನ್ನ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಅಂಗಿ ಹೊಲಿಯುವ ಟೈಲರ್ ಮಾಸ್ಟರ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದಳು. ಕಾಜಾ ಎಂದರೆ ಗುಂಡಿ ತೂರಿಸುವ ಸೀಳು. ಅದರ ಅಂಚನ್ನು ಎಳೆ ಬಿಡದ ಹಾಗೆ ಸೂಜಿಯಿಂದ ಒತ್ತೊತ್ತಾಗಿ ಕಟ್ಟಬೇಕು. ಯಂತ್ರದ ಕಾಜಾ ಬಂದ ಮೇಲೂ ಕೈ ಕಾಜಾನೇ ಬೇಕೆನ್ನುವ ಹಳೆಯ ಗಿರಾಕಿಗಳು ಮಾಸ್ಟರಿಗೆ ಇದ್ದರು. ಹೀಗಾಗಿ ಅಂಗಡಿಯ ಕಿಟಕಿಯ ಪಕ್ಕದ ಸ್ಟೂಲು ಅವಳದ್ದಾಗಿತ್ತು.

ಕಳೆದ ವರ್ಷದಿಂದ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. "ಅಕ್ಕ, ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ ಆಗಿದೆ ನೋಡು" ಎಂದು ಮಾಸ್ಟರು ಎರಡು ಸಲ ಅಂಗಿ ವಾಪಸ್ಸು ಕೊಟ್ಟರು. ಮೂರನೆಯ ಸಲ ಅಂಗಿಯನ್ನು ಅವಳ ಕೈಗೆ ಕೊಡದೆ ತಾವೇ ಬಿಚ್ಚುತ್ತ ಕೂತರು. ಆಮೇಲೆ ಹೇಳಿದರು, "ಎರಡು ತಿಂಗಳೊಳಗೆ ಕಣ್ಣು ಮಾಡಿಸ್ಕೋ. ಮಾಡಿಸ್ಕೊಂಡ್ರೆ ಸ್ಟೂಲು ನಿಂದೇ. ಇಲ್ಲ ಅಂದ್ರೆ ನಾನು ಬೇರೆಯವರನ್ನ ಕೂರಿಸ್ತೀನಿ, ನನ್ನ ಬೈಬೇಡ."

ಕಣ್ಣಿನ ಆಸ್ಪತ್ರೆಯವರು ಒಂದು ದಿನಾಂಕ ಕೊಟ್ಟರು. ಅದಕ್ಕೆ ನಾಲ್ಕು ದಿನ ಇರುವಾಗ ದೊಡ್ಡ ತಮ್ಮನ ಫೋನು ಬಂತು. ಅವನ ಹೆಂಡತಿ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು.

"ಹದಿನೈದು ದಿನ ಅಷ್ಟೇ ಅಕ್ಕ. ನೀನೇನೂ ಮಾಡ್ಬೇಡ. ಸುಮ್ನೆ ಬಂದು ಜೊತೆಗಿರು."

ಆಸ್ಪತ್ರೆಗೆ ಹೋಗಿ ದಿನಾಂಕ ಮುಂದೆ ಹಾಕಿಸಿದಳು. ಮುಂದಿನ ತಿಂಗಳ ಇಪ್ಪತ್ತನಾಲ್ಕು ಸಿಕ್ಕಿತು. ಇದು ಬಿಟ್ಟರೆ ಮೂರು ತಿಂಗಳು ಜಾಗವಿಲ್ಲ ಎಂದು ಕೌಂಟರಿನವರು ಎರಡು ಸಲ ಹೇಳಿ ಕಳಿಸಿದರು. ಅವಳು ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಹನ್ನೊಂದನೆಯ ಊರಿಗೆ ಬಂದಳು.

ಸುಮ್ಮನೆ ಜೊತೆಗಿರುವುದು ಬೆಳಿಗ್ಗೆ ಐದೂವರೆಗೆ ಶುರುವಾಗುತ್ತಿತ್ತು. ತಮ್ಮನ ಹೆಂಡತಿಗೆ ಬೆಡ್‌ಪ್ಯಾನ್ ಇಟ್ಟು ತೆಗೆದು ತೊಳೆದು, ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ ಹೊರಳಿಸಬೇಕು. ತಿಂಡಿ, ಮಾತ್ರೆ, ತಮ್ಮನ ಡಬ್ಬಿ, ಪಾತ್ರೆ, ನೆಲ, ಬಟ್ಟೆ. ಮಧ್ಯಾಹ್ನದ ಊಟ, ಮತ್ತೆ ಬೆಡ್‌ಪ್ಯಾನ್. ಮೂರನೇ ಮಹಡಿಯ ಎರಡು ಕೋಣೆಯ ಮನೆ ಅದು. ಮಂಚವನ್ನು ಹಾಲಿಗೆ ತಂದು ಹಾಕಿದ್ದರು. ಮಂಚಕ್ಕೂ ಗೋಡೆಗೂ ನಡುವೆ ಒಂದೂವರೆ ಅಡಿ ಜಾಗ. ಅಲ್ಲಿ ಅಡ್ಡಡ್ಡ ನಿಂತು ಬಗ್ಗಿ ಬಗ್ಗಿ ಅವಳ ಸೊಂಟ ಸಂಜೆಯಾಗುವಷ್ಟರಲ್ಲಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ತಮ್ಮನ ಮಗಳು ಹಾಸ್ಟೆಲಿನಲ್ಲಿದ್ದಳು. ತಮ್ಮ ಟೈರ್ ಅಂಗಡಿಯ ಮ್ಯಾನೇಜರು. ಎಂಟಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದ. ಬಂದವನು ಬಾಗಿಲಲ್ಲೇ ನಿಂತು ಹೆಂಡತಿಯನ್ನು "ಹೇಗಿದೀಯ?" ಎಂದು ಕೇಳಿ ಬಟ್ಟೆ ಬದಲಿಸಲು ಹೋಗುತ್ತಿದ್ದ. ಹದಿನೈದು ದಿನ ಇಪ್ಪತ್ತಾಯಿತು, ಮೂವತ್ತಾಯಿತು.

ಬಟ್ಟೆ ಒಣಹಾಕಲು ಟೆರೇಸಿಗೆ ಹೋಗಬೇಕಿತ್ತು. ಹನ್ನೊಂದು ಗಂಟೆಗೆ ಆ ಕಟ್ಟಡದಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ಬಕೆಟ್ಟು ಹಿಡಿದು ಅಲ್ಲಿ ಸೇರುತ್ತಿದ್ದರು. ಅವರಲ್ಲಿ ಒಬ್ಬಳ ಅಡ್ಡಹೆಸರು ಲಿಫ್ಟು. ನಾಲ್ಕು ಮಹಡಿಯಲ್ಲೂ ಪಾತ್ರೆ ತೊಳೆಯುತ್ತಿದ್ದವಳು, ಮೇಲಿನ ಸುದ್ದಿ ಕೆಳಗೆ, ಕೆಳಗಿನದು ಮೇಲೆ ಮುಟ್ಟಿಸುತ್ತಿದ್ದಳು. ಇನ್ನೊಬ್ಬಳನ್ನು ಸಿಸ್ಟರ್ ಎನ್ನುತ್ತಿದ್ದರು. ಮೊದಲನೇ ಮಹಡಿಯ ಮುದುಕರೊಬ್ಬರನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದವಳು, ನರ್ಸ್ ಅಲ್ಲದಿದ್ದರೂ ಬಿಳಿ ಕೋಟು ಹಾಕುತ್ತಿದ್ದಳು.

ಮೊದಲ ದಿನವೇ ಲಿಫ್ಟು ಕೇಳಿದ್ದಳು, "ಮೂರನೇ ಮಹಡಿಗೆ ಹೊಸದಾಗಿ ಬಂದಿರೋ ಅಕ್ಕ ನೀನೇನಾ? ಯಾವ ಏಜೆನ್ಸಿ?"

"ಏಜೆನ್ಸಿ ಏನಿಲ್ಲ."

"ಡೈರೆಕ್ಟಾ? ಒಳ್ಳೇದಾಯ್ತು, ಮಧ್ಯದವರ ಕಾಟ ಇಲ್ಲ. ಭಾನುವಾರ ರಜೆ ಕೊಡ್ತಾರಾ?"

ಅವನು ನನ್ನ ತಮ್ಮ ಎಂದು ಆಗಲೇ ಹೇಳಬೇಕಿತ್ತು. ಮಾತು ಬಾಯಿಗೂ ಬಂತು. ಆದರೆ ರಜೆ ಇದೆಯಾ ಎಂದು ಜೀವಮಾನದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು. ತಮ್ಮ ಎಂದ ಕೂಡಲೇ ಆ ಪ್ರಶ್ನೆಯನ್ನು ಅವರು ವಾಪಸ್ಸು ತೆಗೆದುಕೊಂಡುಬಿಡುತ್ತಾರೆ.

"ಇಲ್ಲ" ಎಂದಳು.

"ಯಾರೂ ಕೊಡಲ್ಲ. ನಾವೇ ತಗೋಬೇಕು."

ಅಂದಿನಿಂದ ಅವಳು ಮೂರನೇ ಮಹಡಿ ಅಕ್ಕ. ಆ ಇಪ್ಪತ್ತು ನಿಮಿಷಕ್ಕಾಗಿ ಅವಳು ಬೆಳಗಿನ ಕೆಲಸವನ್ನು ಓಡಿ ಓಡಿ ಮುಗಿಸುತ್ತಿದ್ದಳು. ಹೊರಳಿಸುವಾಗ ಬೆನ್ನು ಹಿಡಿಯದಂತೆ ಮಾಡುವುದನ್ನು ಸಿಸ್ಟರ್ ಹೇಳಿಕೊಟ್ಟಳು. "ಸೊಂಟದ ಕೆಳಗೆ ಅಡ್ಡಕ್ಕೆ ಒಂದು ಬೆಡ್‌ಶೀಟ್ ಮಡಿಸಿ ಹಾಸಿ. ಎಳೆಯೋದಾದ್ರೆ ಬಟ್ಟೆ ಎಳೀರಿ, ಮನುಷ್ಯರನ್ನ ಎಳೀಬೇಡಿ." ಇಷ್ಟು ಸಣ್ಣ ವಿಷಯ ಇಪ್ಪತ್ತಾರು ವರ್ಷ ಯಾರೂ ಹೇಳಿರಲಿಲ್ಲ. ಹೇಳುವವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರ ಬಳಿ ಅವಳು ಕೂತಿರಲಿಲ್ಲ.

ಒಂದು ದಿನ ಅವಳು ತಮ್ಮನ ಪ್ಯಾಂಟನ್ನು ಹಗ್ಗದ ಮೇಲೆ ಹಾಕಿ ಕ್ಲಿಪ್ಪನ್ನು ಗಾಳಿಗೆ ಹಾಕಿದಳು. ಪ್ಯಾಂಟು ಬಕೆಟ್ಟಿಗೆ ಬಿತ್ತು. ಲಿಫ್ಟು ನಗಲಿಲ್ಲ. ಸಿಸ್ಟರ್ ಹತ್ತಿರ ಬಂದು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬೆಳ್ಳಗಾಗಿ ಹೋಗಿದೆಯಲ್ಲ ಅಕ್ಕ. ಆಪರೇಷನ್ ಯಾವಾಗ?"

"ಇಪ್ಪತ್ತನಾಲ್ಕಕ್ಕೆ ಕೊಟ್ಟಿದಾರೆ. ಇವರು ಬಿಡ್ಬೇಕಲ್ಲ."

"ಈ ಭಾನುವಾರ ಮಧ್ಯಾಹ್ನ ನಮ್ಮ ಜೊತೆ ಬಾ, ಮಾತಾಡೋಣ" ಎಂದಳು ಲಿಫ್ಟು. "ಊರನ್ನೂ ನೋಡಿದ ಹಾಗಾಗುತ್ತೆ. ಏನೇನು ನೋಡಿದೀಯ ಇಲ್ಲಿ?"

"ಮೆಡಿಕಲ್ ಶಾಪು."

ಶನಿವಾರ ತಮ್ಮನಿಗೆ ಹೇಳಿದಳು. "ನಾಳೆ ಎರಡರಿಂದ ಐದರ ತನಕ ನಾನಿರಲ್ಲ. ಊರು ನೋಡೋಕೆ ಹೋಗ್ತೀನಿ."

ಅವನು ಟಿವಿಯಿಂದ ಕಣ್ಣು ತೆಗೆದ. "ನಿಂಗ್ಯಾರಕ್ಕ ಪರಿಚಯ ಇಲ್ಲಿ?"

"ಇದಾರೆ."

ಮೂವರೂ ಸಿಟಿ ಬಸ್ಸು ಹತ್ತಿ ಕೊನೆಯ ಸ್ಟಾಪಿನ ತನಕ ಹೋದರು. ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಮಂಜು ಹಿಡಿದ ಗಾಜಿನ ಆಚೆ ಇದ್ದ ಹಾಗೆ ಬೀದಿಗಳು ಸರಿದವು. ಲಿಫ್ಟು ಪಕ್ಕದಲ್ಲಿ ಕೂತು ಓದಿ ಹೇಳಿದಳು, ಇದು ಸೈಕಲ್ ಅಂಗಡಿಗಳ ಸಾಲು, ಇದು ಕೋರ್ಟು, ಈ ಮನೆಯಲ್ಲಿ ನಾನು ಎರಡು ವರ್ಷ ಇದ್ದೆ, ಮಹಾ ಜಿಪುಣರು. ಕೊನೆಯ ಸ್ಟಾಪಿನ ಹತ್ತಿರ ಒಂದು ಕೆರೆ, ಸಿಮೆಂಟಿನ ಬೆಂಚು. ಕೂತಳು. ಕೈಯಲ್ಲಿ ಏನೂ ಇರಲಿಲ್ಲ. ಯಾರೂ ಕರೆಯುತ್ತಿರಲಿಲ್ಲ. ಐದು ನಿಮಿಷದಲ್ಲಿ ಸಿಸ್ಟರ್‌ ಭುಜಕ್ಕೆ ಒರಗಿ ನಿದ್ದೆ ಹೋದಳು. ಎಚ್ಚರವಾದಾಗ ಬಿಸಿಲು ನೀರಿನ ಆ ಬದಿಗೆ ಹೋಗಿತ್ತು.

"ಊರು ನೋಡೋಕೆ ಕರ್ಕೊಂಡು ಬಂದ್ರೆ ಗೊರಕೆ ಹೊಡೀತಾಳೆ" ಎಂದಳು ಲಿಫ್ಟು. "ಈಗ ಕೇಳು. ಬಿಡೋದಿಲ್ಲ ಅಂತ ಕೂತ್ರೆ ಆಗಲ್ಲ. ಅದಕ್ಕೊಂದು ರೀತಿ ಇದೆ. ಎಂಟು ದಿನ ಮೊದ್ಲು ಹೇಳ್ಬೇಕು. ಬದಲಿಯವರನ್ನ ನೋಡಿಡಬೇಕು. ಹೋಗೋ ಮೊದ್ಲು ಎರಡು ದಿನ ಅವರ ಜೊತೆಗಿದ್ದು ಮನೆ ತೋರಿಸ್ಬೇಕು, ಯಾವ ಡಬ್ಬಿಯಲ್ಲಿ ಏನು, ಯಾವ ಮಾತ್ರೆ ಎಷ್ಟೊತ್ತಿಗೆ, ಎಲ್ಲಾ. ಅಷ್ಟು ಮಾಡಿದ್ರೆ ಆಯ್ತು. ಆಮೇಲೆ ಅವರು ಅತ್ರೂ ಕರೆದ್ರೂ ನಿನ್ನ ತಪ್ಪಿಲ್ಲ."

"ಅಷ್ಟೇನಾ?"

"ಇನ್ನೇನು, ಮದುವೆ ಮಾಡ್ಕೊಂಡಿದೀಯಾ ಅವರನ್ನ?"

ವಾಪಸ್ಸು ಬರುವಾಗ ಅವಳು ಅದನ್ನೇ ಯೋಚಿಸಿದಳು. ಸಂಬಂಧಕ್ಕೆ ಬಂದವಳು ಹೊರಡುವುದಕ್ಕೆ ಯಾವ ರೀತಿಯೂ ಇರಲಿಲ್ಲ. ಅವರಿಗೆ ಸಾಕೆನಿಸಿದಾಗ ಅವಳ ಕೆಲಸ ಮುಗಿಯುತ್ತಿತ್ತು. ಕೆಲಸಕ್ಕೆ ಬಂದವಳಿಗೆ ಎಂಟು ದಿನವಿತ್ತು.

ಸೋಮವಾರ ಹದಿನಾಲ್ಕು. ಸಂಜೆ ತಮ್ಮ ಊಟಕ್ಕೆ ಕೂತಾಗ ಹೇಳಿದಳು. "ಇಪ್ಪತ್ತೆರಡಕ್ಕೆ ನಾನು ಹೊರಡ್ತೀನಿ. ಎಂಟು ದಿನ ಮೊದ್ಲೇ ಹೇಳ್ತಾ ಇದೀನಿ."

"ಇದೇನಕ್ಕ, ನೋಟೀಸಾ?" ಎಂದು ಅವನು ನಕ್ಕ.

"ಹೂಂ."

"ಕಣ್ಣಿಗೇನು ಅವಸರ? ಪೊರೆ ಹಣ್ಣಾಗ್ಲಿ. ಎಲ್ಲಿಗೆ ಓಡಿ ಹೋಗುತ್ತೆ ಕಣ್ಣು?"

"ಹಣ್ಣಾಗೋ ತನಕ ಕಾಯೋ ಕಾಲ ಹೋಯ್ತಂತೆ. ಕಾದ್ರೆ ಕೆಡುತ್ತೆ ಅಂದ್ರು ಡಾಕ್ಟ್ರು. ನಂಗೆ ಕಾಜಾ ಹಾಕೋಕಾಗ್ತಿಲ್ಲ ಕಣೋ. ಆ ಸ್ಟೂಲು ಹೋದ್ರೆ ರೂಮೂ ಹೋಗುತ್ತೆ."

"ರೂಮು ಹೋದ್ರೆ ಏನೀಗ? ನಾವೆಲ್ಲಾ ಇಲ್ವಾ? ನಾಲ್ಕು ಮನೆ ಇದೆ ನಿಂಗೆ."

ನಾಲ್ಕು ಮನೆ. ಅವಳು ಅನ್ನದ ಪಾತ್ರೆಯನ್ನು ಅವನ ಕಡೆ ಸರಿಸಿದಳು. ನಾಲ್ಕು ಮನೆಗಳ ನಾಲ್ಕು ಬಚ್ಚಲು ಅವಳ ಕಣ್ಣ ಮುಂದೆ ಬಂದವು.

"ನೋಡೋಣ" ಎಂದ ತಮ್ಮ. ಆ ಮನೆತನದಲ್ಲಿ ನೋಡೋಣ ಎಂದವರು ಈ ತನಕ ಯಾರೂ ನೋಡಿರಲಿಲ್ಲ.

ಮಂಚದ ಮೇಲಿದ್ದವಳು ಮಾತ್ರ ಕೇಳಿದಳು, "ನೀವು ಹೋದ್ರೆ ನನ್ನ ಗತಿ ಏನಕ್ಕ?" ಅದರಲ್ಲಿ ಕೊಂಕಿರಲಿಲ್ಲ. ಇಪ್ಪತ್ತು ವರ್ಷ ಕಚೇರಿ, ಮನೆ ಎರಡನ್ನೂ ಹೊತ್ತು ಈಗ ಬಚ್ಚಲಿಗೂ ಇನ್ನೊಬ್ಬರ ಕೈ ಕಾಯುವವಳ ಹೆದರಿಕೆ ಅದು. ಅವಳಿಗೆ ಉತ್ತರ ಹೇಳುವುದು ತಮ್ಮನಿಗಿಂತ ಕಷ್ಟವಾಯಿತು. "ಬದಲಿ ನೋಡ್ತೀನಮ್ಮ" ಎಂದಳು.

ಲಿಫ್ಟುವಿನ ಚಿಕ್ಕಪ್ಪನ ಮಗಳು ಬರಲು ಒಪ್ಪಿದಳು. ತಮ್ಮ ಒಪ್ಪಲಿಲ್ಲ. "ಗುರುತು ಪರಿಚಯ ಇಲ್ಲದೋರನ್ನ ಮನೆಯೊಳಗೆ ಬಿಡೋದಾ?" ಎಂದ. ಅಲ್ಲಿಗೆ ಮಾತು ನಿಂತಿತು.

ಬುಧವಾರ ಸಂಜೆ ಎರಡನೇ ಮಹಡಿಯ ಹೆಂಗಸು ಬಾಗಿಲು ತಟ್ಟಿದರು. ತಮ್ಮನೇ ತೆಗೆದ. ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಎಲ್ಲ ಕೇಳಿಸಿಕೊಂಡಳು.

"ನಿಮ್ಮನೆ ಅಕ್ಕ ಇಪ್ಪತ್ತೆರಡಕ್ಕೆ ಬಿಡ್ತಾರಂತಲ್ಲ. ಕಣ್ಣು ಮಾಡಿಸ್ಕೊಂಡ ಮೇಲೆ ನಮ್ಮನೆಗೆ ಬರ್ತಾರಾ ಅಂತ ಕೇಳೋಣ ಅಂತ. ನಮ್ಮತ್ತೆಗೆ ಒಬ್ಬರು ಬೇಕಾಗಿತ್ತು."

"ಯಾರು, ಅಕ್ಕನಾ?"

"ಹೌದು, ನಿಮ್ಮ ಅಕ್ಕ. ತುಂಬಾ ಚೊಕ್ಕ ಕೆಲಸ ಅಂತಾರೆ ಎಲ್ಲಾ."

"ಅವರು ನಮ್ಮ ಅಕ್ಕ" ಎಂದ ತಮ್ಮ.

"ಅದೇ, ನಿಮ್ಮ ಅಕ್ಕನೇ. ನೀವು ಬಿಟ್ಟ ಮೇಲೇನೇ ನಾವು ಕರ್ಕೊಳ್ಳೋದು, ಮೊದ್ಲೇ ಕಿತ್ಕೊಳ್ಳಲ್ಲ."

"ಅಲ್ಲ ಮೇಡಂ, ಸ್ವಂತ ಅಕ್ಕ. ನಮ್ಮಮ್ಮನ ಮಗಳು."

ಚಪ್ಪಲಿಯ ಸದ್ದು ಬೇಗ ಬೇಗ ಕೆಳಗಿಳಿಯಿತು. ಹಾಲಿನ ಮಂಚದ ಮೇಲಿಂದ ಗಂಟಲಲ್ಲಿ ಹಿಡಿದಿಟ್ಟ ನಗುವೊಂದು ಕೇಳಿಸಿತು. ಬಿದ್ದ ಮೇಲೆ ತಮ್ಮನ ಹೆಂಡತಿ ನಕ್ಕಿದ್ದು ಅದೇ ಮೊದಲು.

ತಮ್ಮ ಅಡುಗೆಮನೆಗೆ ಬಂದ. ಮುಖ ಕೆಂಪಾಗಿತ್ತು. "ಮರ್ಯಾದೆ ಮೂರು ಕಾಸಿಗೆ ಹೋಯ್ತು. ಇಡೀ ಬಿಲ್ಡಿಂಗು ನಿನ್ನ ಕೆಲಸದವಳು ಅಂದ್ಕೊಂಡಿದೆ. ನೀನ್ಯಾಕೆ ಹೇಳ್ಲಿಲ್ಲ?"

"ಅವರು ನನ್ನ ಮುಖ ನೋಡಿ ಕೇಳ್ಲಿಲ್ಲ. ಕೆಲಸ ನೋಡಿ ಕೇಳಿದ್ರು. ಅದನ್ನ ಸುಳ್ಳು ಅಂತ ಹೇಗೆ ಹೇಳ್ಲಿ?"

"ನಾಳೆಯಿಂದ ನೀನು ಟೆರೇಸಿಗೆ ಹೋಗಕೂಡದು" ಎಂದ. "ಬಟ್ಟೆ ನಾನೇ ಹಾಕ್ತೀನಿ."

ಹಾಕಿದ. ಬೆಳಿಗ್ಗೆ ಏಳಕ್ಕೇ, ಯಾರೂ ನೋಡದ ಹೊತ್ತಿನಲ್ಲಿ, ಹಿಂಡದ ಬೆಡ್‌ಶೀಟನ್ನು ಹೊತ್ತುಕೊಂಡು ಹೋಗಿ ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಬಂದ. ಮೊದಲ ದಿನವೇ ಬಕೆಟ್ಟಿಡುತ್ತ ಸೊಂಟ ಹಿಡಿದು ನಿಂತಾಗ ಅವಳು ಹೇಳಿದಳು, "ಬಟ್ಟೆ ಒಂದೇ ಅಲ್ಲ ಕಣೋ. ಹೊರಗಿನೋರು ಬೇಡ ಅಂದೆ. ಸರಿ, ನೀನೇ ಬದಲಿ. ಎರಡು ದಿನ ರಜೆ ಹಾಕು, ಮನೆ ತೋರಿಸ್ತೀನಿ."

"ನನ್ನ ಮನೇನ ನಂಗೆ ತೋರಿಸ್ತೀಯಾ?"

"ಉಪ್ಪಿನ ಡಬ್ಬಿ ಎಲ್ಲಿದೆ ಹೇಳು ನೋಡೋಣ."

ಅವನು ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ನೋಡಿದ. ಆ ಮನೆಗೆ ಅವನು ಬಂದು ಹದಿನೇಳು ವರ್ಷವಾಗಿತ್ತು.

ಅವನು ರಜೆ ಹಾಕಿದ. ಒಂದು ನೋಟ್‌ಬುಕ್ಕಿನಲ್ಲಿ ಮಾತ್ರೆಯ ಬಣ್ಣ, ಹೊತ್ತು ಬರೆದುಕೊಂಡ. ಬೆಡ್‌ಪ್ಯಾನ್ ಇಡುವಾಗ ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಹೆಂಡತಿಯ ತೋಳು ಹಿಡಿದು ಎಳೆದ.

"ಬಟ್ಟೆ ಎಳಿ, ಅವಳನ್ನ ಎಳೀಬೇಡ" ಎಂದಳು ಅಕ್ಕ.

"ಮೂಗು ಬಿಡಿ" ಎಂದಳು ಹೆಂಡತಿ. "ಈ ಊರಿಗೆ ಬರೋ ಮೊದ್ಲು ನಿಮ್ಮಪ್ಪಂಗೆ ಕೊನೇ ಒಂದು ವರ್ಷ ನಾನೂ ಅಕ್ಕಾನೂ ಸರದಿ ಮೇಲೆ ಮಾಡಿದೀವಿ. ನಾನು ಹೀಗೆ ಮೂಗು ಮುಚ್ಕೊಂಡಿದ್ರೆ ನೀವು ಏನಂತಿದ್ರಿ?"

ಅವನು ಮೂಗು ಬಿಟ್ಟ. ಸಂಜೆಯ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತ.

"ಇಷ್ಟೂ ದಿನಾ ಮಾಡ್ಬೇಕಾ?"

"ದಿನಾ."

"ಭಾನುವಾರ?"

"ಭಾನುವಾರಾನೂ ಉಚ್ಚೆ ಬರುತ್ತೆ ಕಣೋ."

ಎರಡನೆಯ ದಿನ ಮಧ್ಯಾಹ್ನದೊಳಗೆ ಅವನಾಗಿಯೇ ಕೇಳಿದ, "ಆ ಲಿಫ್ಟಿನ ಚಿಕ್ಕಪ್ಪನ ಮಗಳು ಹಗಲು ಹೊತ್ತು ಮಾತ್ರ ಬರ್ತಾಳಾ? ಸಂಜೆ ನಾನು ನೋಡ್ಕೊಳ್ತೀನಿ." ಬರುತ್ತಾಳೆ ಎಂದು ಲಿಫ್ಟು ಅಂದೇ ಹೇಳಿ ಕಳಿಸಿದಳು.

ಆದರೆ ಇಪ್ಪತ್ತೊಂದರ ಸಂಜೆ ಮತ್ತೆ ತಿರುಗಿದ. ಹೆಂಡತಿಗೆ ಮೈ ಬಿಸಿಯಾಗಿದೆ, ಇನ್ನೆರಡು ದಿನ ನಿಲ್ಲು, ಇಪ್ಪತ್ತಮೂರರ ಬಸ್ಸಿಗೆ ನಾನೇ ಹತ್ತಿಸುತ್ತೇನೆ ಎಂದ. ಇಪ್ಪತ್ತಮೂರು ಇಪ್ಪತ್ತನಾಲ್ಕಾಗುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅವಳು ಕಟ್ಟಿದ ಚೀಲವನ್ನು ಬಿಚ್ಚಿ ಮಂಚದ ಕೆಳಗೆ ತಳ್ಳುತ್ತಿದ್ದಳು. ಥರ್ಮಾಮೀಟರ್ ಇಟ್ಟು ತಮ್ಮನಿಂದಲೇ ಓದಿಸಿದಳು. ತೊಂಬತ್ತೊಂಬತ್ತು ಇತ್ತು. ಜ್ವರದ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ಕೇಳಿದಳು. ಅವನು ಸರಿಯಾಗಿ ಹೇಳಿದ.

"ಸರಿ ಹಾಗಾದ್ರೆ" ಎಂದು ಅವಳು ಚೀಲದ ಜಿಪ್ಪು ಎಳೆದಳು. ಇದು ಧೈರ್ಯವೇನೂ ಆಗಿರಲಿಲ್ಲ. ನಿಲ್ಲುವುದಕ್ಕೂ ಶಕ್ತಿ ಬೇಕು. ವಾದ ಮಾಡಿ, ಸಮಾಧಾನ ಮಾಡಿ, ಕೊನೆಗೆ ಆಯಿತಪ್ಪ ಎನ್ನುವುದಕ್ಕೆ ಬೇಕಾದ ಆ ಶಕ್ತಿ ಅವಳಲ್ಲಿ ಮುಗಿದುಹೋಗಿತ್ತು. ತಳದಲ್ಲಿ ಉಳಿದಿದ್ದು ಒಂಬತ್ತು ಗಂಟೆ ಬಸ್ಸಿನಲ್ಲಿ ಕೂರುವಷ್ಟು ಮಾತ್ರ.

ಮರುದಿನ ಬೆಳಿಗ್ಗೆ ತಮ್ಮ ಚೀಲ ಹಿಡಿಯಲಿಲ್ಲ. ಕೋಪವೋ, ನಾಚಿಕೆಯೋ, ಹಾಲು ಉಕ್ಕುತ್ತಿತ್ತೋ, ಒಳಗೇ ಉಳಿದ. ಲಿಫ್ಟು ಮತ್ತು ಸಿಸ್ಟರ್ ಮೆಟ್ಟಿಲ ಕೆಳಗೆ ಕಾದಿದ್ದರು.

"ಸ್ವಂತ ಅಕ್ಕನಂತೆ?" ಎಂದಳು ಲಿಫ್ಟು, ಚೀಲ ಕಸಿದುಕೊಳ್ಳುತ್ತ.

"ಹೂಂ. ಸುಳ್ಳು ಹೇಳಿದೆ ಅಂತ ಬೇಜಾರಾ?"

"ಬೇಜಾರೆಲ್ಲಿಂದ ಬಂತು. ನಮ್ಮ ಕಷ್ಟಾನೇ ದೊಡ್ಡದು ಅಂದ್ಕೊಂಡಿದ್ದೆ. ನಮಗಾದ್ರೆ ಬಿಡೋಕೆ ದಾರಿ ಇದೆ."

ಬಸ್ ಸ್ಟಾಂಡಿನಲ್ಲಿ ಸಿಸ್ಟರ್ ಅವಳ ಸೀಟು ಹುಡುಕಿ ಕೂರಿಸಿದಳು. ಬಸ್ಸು ಹೊರಟಾಗ ಅವಳಿಗೆ ಅವರಿಬ್ಬರೂ ಎರಡು ಮಸುಕು ಆಕಾರಗಳಾಗಿ ಕಂಡರು, ಒಂದು ಬಿಳಿ, ಒಂದು ಹಸಿರು. ಅವರ ಕೈ ಆಡುತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಅವಳು ಆಡಿಸಿದಳು.

ಇಪ್ಪತ್ತನಾಲ್ಕರ ಬೆಳಿಗ್ಗೆ ಆಸ್ಪತ್ರೆಯ ಕೌಂಟರಿನಲ್ಲಿ ಜೊತೆಗೆ ಬಂದವರು ಯಾರು ಎಂದು ಕೇಳಿದರು. ಅದೇ ಊರಿನಲ್ಲಿದ್ದ ಇನ್ನೊಬ್ಬ ತಂಗಿಗೆ ಅಂದು ಮಗಳ ಪರೀಕ್ಷೆ. ಅವಳು ಟೈಲರ್ ಮಾಸ್ಟರಿಗೆ ಫೋನು ಮಾಡಿದಳು. ಮಾಸ್ಟರ ಹೆಂಡತಿ ಅರ್ಧ ಗಂಟೆಯಲ್ಲಿ ಬಂದರು, ಏದುಸಿರು ಬಿಡುತ್ತ, ಮನೆಯ ಕೆಲಸವೆಲ್ಲ ಹಾಗೇ ಬಿದ್ದಿ​ದೆ ಎಂದು ಗೊಣಗುತ್ತ. ಸಹಿ ಹಾಕಿದರು. ಇಪ್ಪತ್ತು ನಿಮಿಷದ ಕೆಲಸಕ್ಕೆ ನಾಲ್ಕು ಗಂಟೆ ಕಾದರು.

ಹೊರಗೆ ಬಂದಾಗ ಅವಳ ಬಲಗಣ್ಣಿಗೆ ಪಟ್ಟಿಯಿತ್ತು. ಕೈಗೆ ಒಂದು ಹಾಳೆ ಕೊಟ್ಟಿದ್ದರು. ಮಾಸ್ಟರ ಹೆಂಡತಿ ಬಾಗಿಲ ಬಳಿಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು.

"ಒಂದು ತಿಂಗಳು ಬಗ್ಗಬಾರದು. ಭಾರ ಎತ್ತಬಾರದು. ಒಲೆಯ ಮುಂದೆ ನಿಲ್ಲಬಾರದು. ದಿನಕ್ಕೆ ಆರು ಸಲ ಹನಿ."

"ಇನ್ನೊಂದ್ಸಲ ಓದಿ."

"ಯಾಕೆ, ನೆನಪಲ್ಲಿ ಉಳೀಲಿಲ್ವಾ?"

"ಉಳೀತು. ಕೇಳೋಕೆ ಚೆನ್ನಾಗಿದೆ."

ಅವರು ಮತ್ತೆ ಓದಿದರು, ಈ ಸಲ ನಿಧಾನವಾಗಿ. ಓದಿ ಹಾಳೆ ಮಡಿಸಿದರು. "ಮತ್ತೆ ಊಟಕ್ಕೇನು ಮಾಡ್ತೀಯ?"

"ಗೊತ್ತಿಲ್ಲ" ಎಂದಳು ಅವಳು.

ಮಾಸ್ಟರ ಹೆಂಡತಿ ಹಾಳೆಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ಬ್ರೆಡ್ ತಗೊಂಡು ಹೋಗೋಣ ನಡಿ" ಎಂದರು. "ನಂಗೂ ಇವತ್ತು ಒಲೆ ಹಚ್ಚೋಕೆ ಮನಸ್ಸಿಲ್ಲ."